ಏರಿಸಿದ ಪಿಕಪ್, ಎಳೆಯುವ ಸ್ಟೀರಿಂಗ್

ಹಳೆಯ ಪಿಕಪ್ಪಿನ ಸ್ಟೀರಿಂಗ್ ಅತ್ತಿತ್ತ ಎಳೆದರೆ ಬೈಗುಳ ಬೀಳುವುದು ಸ್ಟೀರಿಂಗ್ ಬಾಕ್ಸಿಗೆ. ಶಿಡ್ಲಘಟ್ಟದ ಸಾಗಣೆಯ ಇತಿಹಾಸ ಬೇರೆ ಕಡೆ ಬೆರಳು ತೋರಿಸುತ್ತದೆ. ಇಲ್ಲಿನ ನ್ಯಾರೋಗೇಜ್ ಮಾರ್ಗ 2013ರಲ್ಲಿ ಬ್ರಾಡ್‌ಗೇಜ್ ಆಗುವಷ್ಟರಲ್ಲಿ ಸರಕು ಪಿಕಪ್ಪಿಗೆ ದಾಟಿತ್ತು. ರೇಷ್ಮೆಗೂಡು ಹಗುರ, ಅದಕ್ಕಾಗಿ ಗಾಡಿ ಏರಿಸಬೇಕಿಲ್ಲ. ಆದರೆ ಭಾರದ ಟೊಮೆಟೊ, ಕಲ್ಲು ಹೊರಲು ಹಿಂದೆ ಸ್ಪ್ರಿಂಗ್ ಪಟ್ಟಿ ಸೇರಿಸುವ ರೂಢಿ ಬಂತು. ಹಿಂಭಾಗ ಏರಿದರೆ ಗಾಡಿ ಮುಂದಕ್ಕೆ ವಾಲಿ, ಮುಂದಿನ ಚಕ್ರದ ಕ್ಯಾಸ್ಟರ್ ಕೋನ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿದ ಓರೆ) ಕುಗ್ಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಕಡಿಮೆಯಾಗುತ್ತದೆ. ಭಾರ ಹೇರಿದರೆ ಸಮವಾಗುತ್ತದಲ್ಲ ಎನ್ನಬಹುದು. ನಿಜ, ಆದರೆ ಸಂತೆ ಮುಗಿಸಿದ ಗಾಡಿ ಖಾಲಿಯಾಗಿಯೇ ಮರಳಬೇಕು! ಬಾಕ್ಸೂ ಸವೆಯುತ್ತದೆ, ಒಪ್ಪೋಣ. ಆದರೂ ಮೊದಲು ಟೈರ್ ಗಾಳಿ, ಟೈ ರಾಡ್ ಕೀಲು, ಹಿಂಭಾಗದ ಎತ್ತರ ನೋಡಬೇಕು. ಗಾಡಿ ಏರಿಸುವ ಮುನ್ನ ಇದೂ ನೆನಪಿರಲಿ: ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.