ಪೋಷಕರ ಸಹಿ ಅನ್ನೋ ಒಂದು ಗೆರೆಯ ಇತಿಹಾಸ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ನಮ್ಮ ಕೇರಿಯ ಮಕ್ಕಳು ಅಲ್ಲೇ ಓದ್ತಾರೆ, ಅದಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಕೇರಿಯಿಂದ ಬಂದಿದ್ದವರು ನಾನೂ ಸೇರಿ ಮೂರೇ ಜನ. ಸಭೆ ಮುಗಿದ ಮೇಲೆ ಒಬ್ಬ ಶಿಕ್ಷಕರು ಸಮಾಧಾನವಾಗಿಯೇ ಹೇಳಿದ್ರು: "ಏನ್ಮಾಡೋದು ಸಾರ್, ನಿಮ್ಮ ಕಡೆಯವರಿಗೆ ಮಕ್ಕಳ ಓದಿನ ಬಗ್ಗೆ ಆಸಕ್ತಿನೇ ಇಲ್ಲ. ಎಷ್ಟು ಸಲ ಕರೆದ್ರೂ ಬರಲ್ಲ."

ಅವರು ಕೆಟ್ಟವರಲ್ಲ. ಆದ್ರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿ ಉತ್ತರ ಹೊಳೀಲಿಲ್ಲ. ಈಗ ಹೇಳ್ತಿದ್ದೀನಿ.

ಮೊದಲು ನನ್ನ ಕತೆ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಹಳದಿ ಬಣ್ಣದ ಒಂದು ಮಾರ್ಕ್ಸ್ ಕಾರ್ಡು ಕೊಡೋರು. ಕೆಳಗಡೆ ಒಂದು ಗೆರೆ, ಅದರ ಕೆಳಗೆ "ಪೋಷಕರ ಸಹಿ". ನಮ್ಮಪ್ಪ ಕೂಲಿ ಮಾಡೋರು, ಅಕ್ಷರ ಬರ್ತಿರಲಿಲ್ಲ. ಕಾರ್ಡನ್ನ ತಲೆಕೆಳಗಾಗಿ ಹಿಡ್ಕೊಂಡು ಬಹಳ ಹೊತ್ತು ನೋಡಿದ್ರು. ಆಮೇಲೆ ಪಕ್ಕದ ಅಂಗಡಿಯಿಂದ ಮಸಿ ಇಸ್ಕೊಂಡು ಬಂದು, ಆ ಗೆರೆಯ ಮೇಲೆ ಜೋಪಾನವಾಗಿ ಹೆಬ್ಬೆಟ್ಟು ಒತ್ತಿದ್ರು. ಮರುದಿನ ಮೇಷ್ಟ್ರು ಆ ಕಾರ್ಡನ್ನ ಕ್ಲಾಸಿಗೆಲ್ಲ ಎತ್ತಿ ತೋರಿಸಿ, "ಇವರಪ್ಪ ಮಸಿ ಚೆಲ್ಲಿ ಕಳ್ಸವ್ನೆ ನೋಡ್ರೋ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಸಲದಿಂದ ಕಾರ್ಡು ಮನೆಗೆ ಹೋಗಲೇ ಇಲ್ಲ. ಅಪ್ಪನ ಹೆಸರನ್ನ ನಾನೇ ಬರೆದು ಕೊಡ್ತಿದ್ದೆ. ಏಳನೇ ಕ್ಲಾಸ್ ಮುಗಿಯೋವರೆಗೂ ಹೀಗೇ ನಡೀತು. ಟೀಸಿ ತಗೊಳ್ಳೋಕೆ ಅಪ್ಪ ಶಾಲೆಗೆ ಬಂದಾಗ ಹೆಡ್‌ಮಾಸ್ಟರ್ ಹಳೇ ಕಾರ್ಡುಗಳನ್ನ ಮುಂದಿಟ್ಟು, "ಇದೆಲ್ಲ ನಿಮ್ಮದೇ ಸಹಿ ತಾನೆ?" ಅಂತ ಕೇಳಿದ್ರು. ಅಪ್ಪ ಕಾರ್ಡು ನೋಡಿದ್ರು, ನನ್ನ ಮುಖ ನೋಡಿದ್ರು. "ಹೂಂ ಸಾ, ನಂದೇಯ" ಅಂದ್ರು. ಆಮೇಲೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದ್ರು. ಹೆಡ್‌ಮಾಸ್ಟರೂ ಏನೂ ಅನ್ನಲಿಲ್ಲ. ಸಾಯೋವರೆಗೂ ಅಪ್ಪ ಆ ವಿಷಯ ಎತ್ತಲಿಲ್ಲ.

ಈಗ ಹೇಳಿ, ನಮ್ಮಪ್ಪನಿಗೆ ಆಸಕ್ತಿ ಇರಲಿಲ್ವಾ?

ಇನ್ನು ಇತಿಹಾಸಕ್ಕೆ ಬರೋಣ. ನಾನು ಆಫೀಸಿನಲ್ಲಿ ಗುಮಾಸ್ತ. ದಿನಾ ಟಪಾಲು ತಗೊಂಡು ಇನ್‌ವರ್ಡ್ ನಂಬರ್ ಹಾಕೋದು ನನ್ನ ಕೆಲಸ. ಅರ್ಜಿ ಅಂತ ಬಂದ್ರೆ ಅದಕ್ಕೊಂದು ಹಿಂಬರಹ ಹೋಗಲೇಬೇಕು. ಹಾಗಾಗಿ ಹಳೇ ಅರ್ಜಿಗಳ ಕತೆ ಅಂದ್ರೆ ನನಗೆ ಆಸೆ. ಅಂಥದ್ದೊಂದು ಅರ್ಜಿ ನಮ್ಮ ಧಾರವಾಡದ್ದು, 1856ರ ಜೂನ್ ತಿಂಗಳದ್ದು.

ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಕಂಪನಿ ಸರ್ಕಾರದ ಕಾಲ. ಒಬ್ಬ ಮಹಾರ್ ಹುಡುಗನನ್ನ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಲಿಲ್ಲ. ಎಲ್ಲರ ಹಾಗೆ ಫೀಸು ಕಟ್ಟೋಕೆ ತಯಾರಿದ್ರೂ ಸೇರಿಸ್ಕೊಳ್ತಿಲ್ಲ ಅಂತ ಅವನ ಪರವಾಗಿ ಸರ್ಕಾರಕ್ಕೆ ಅರ್ಜಿ ಹೋಯ್ತು. ಮುಂಬಯಿ ಸರ್ಕಾರದ ಹಿಂಬರಹ ಏನಿತ್ತು ಗೊತ್ತಾ? ನ್ಯಾಯ ಏನೋ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಂಡ್ರು. ಆದ್ರೆ ಶತಮಾನಗಳ ಪೂರ್ವಗ್ರಹವನ್ನ ಒಂದೇ ಸಲಕ್ಕೆ ಮುರಿಯೋಕಾಗಲ್ಲ, ಒಬ್ಬ ಹುಡುಗನಿಗೋಸ್ಕರ ಮಿಕ್ಕವರೆಲ್ಲ ಶಾಲೆ ಬಿಟ್ಟು ಶಾಲೆಯೇ ನಿಷ್ಪ್ರಯೋಜಕ ಆಗೋ ಅಪಾಯ ಇದೆ, ಆದ್ದರಿಂದ ಸೇರಿಸೋಕಾಗಲ್ಲ ಅಂತ ತೀರ್ಮಾನ ಮಾಡಿದ್ರು. ಇಂಥ ಶಾಲೆಗೆ ಬರ್ತೀನಿ ಅಂತ ಮುಂದೆ ಬಂದ ಮಹಾರ ಇವನೊಬ್ಬನೇ ಅನ್ನೋದನ್ನೂ ಒಂದು ಕಾರಣವಾಗಿ ತೋರಿಸಿದ್ರು. ಬಾಗಿಲು ಮುಚ್ಚಿಟ್ಟು, ಬಾಗಿಲ ಹತ್ರ ಯಾರೂ ಬರಲ್ಲ ಅನ್ನೋ ಈ ತರ್ಕ ಎಲ್ಲೋ ಕೇಳಿದ ಹಾಗಿಲ್ವಾ?

ಇಲ್ಲಿ ಒಂದು ವಿಷಯ ಗಮನಿಸಿ. ಶಾಲೆಗೂ ಪೋಷಕರಿಗೂ ಆಗ ಮಾತುಕತೆ ಇರಲಿಲ್ಲ ಅಂತಲ್ಲ. ಇತ್ತು, ಚೆನ್ನಾಗೇ ಇತ್ತು. ಮೇಲ್ಜಾತಿ ಪೋಷಕರಿಗೆ ಬೇಸರ ಆಗಬಹುದು ಅನ್ನೋದು ಸರ್ಕಾರದ ಕಿವಿಗೆ ತಾನಾಗೇ ಕೇಳಿಸ್ತು. ಅವರು ಮಕ್ಕಳನ್ನ ಬಿಡಿಸ್ಕೊಂಡು ಹೋಗಬಹುದು ಅನ್ನೋ ಭಯವೊಂದೇ ಸಾಕಾಯ್ತು. ನಮ್ಮವರು ಕಾಗದದ ಮೇಲೆ ಬರೆದು ಕೊಟ್ಟಿದ್ದು ಮಾತ್ರ ಕೇಳಿಸಲಿಲ್ಲ. ಶಾಲೆ ಯಾವಾಗಲೂ ಪೋಷಕರ ಮಾತು ಕೇಳ್ತಾನೇ ಬಂದಿದೆ. ಯಾರನ್ನ ಪೋಷಕರು ಅಂತ ಲೆಕ್ಕಕ್ಕೆ ತಗೊಳ್ತು ಅನ್ನೋದಷ್ಟೇ ಪ್ರಶ್ನೆ.

ಈ ಪ್ರಕರಣ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೂ ಹೋಯ್ತು. ಬಂಗಾಳದಲ್ಲಾಗಿದ್ರೆ ಹುಡುಗನನ್ನ ನಿರಾಕರಿಸ್ತಿರಲಿಲ್ಲ ಅಂತ 1857ರಲ್ಲಿ ಭಾರತ ಸರ್ಕಾರ ಹೇಳ್ತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ 1858ರಲ್ಲಿ ಕಂಪನಿಯ ನಿರ್ದೇಶಕರು ಬರೆದ್ರು. 1882ರ ಹಂಟರ್ ಆಯೋಗವೂ ಅದೇ ತತ್ವವನ್ನ ಎತ್ತಿ ಹಿಡೀತು. ಕಾಗದದಲ್ಲಿ ಗೆದ್ವಿ. ನೆಲದ ಮೇಲೆ ನಮ್ಮ ಮಕ್ಕಳು ಜಗಲಿಯಲ್ಲೇ ಕೂತರು.

ಈ ಅರ್ಜಿಯನ್ನ ಮರೆಯೋಕೆ ಬಿಡದೇ ಇದ್ದವರು ಬಾಬಾಸಾಹೇಬರು. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಆ ಹುಡುಗನ ಪ್ರಕರಣವನ್ನ ಅವರು ದಾಖಲು ಮಾಡಿದ್ದಾರೆ. ಹುಡುಗನ ಹೆಸರು ಅಲ್ಲೂ ಇಲ್ಲ, "ಮಹಾರ್ ಹುಡುಗ" ಅಷ್ಟೇ. ಎಪ್ಪತ್ತೆರಡು ವರ್ಷ ಆದ್ಮೇಲೂ ಆ ಅರ್ಜಿಗೆ ಒಬ್ಬರು ಓದುಗರು ಸಿಕ್ಕರು. ಅದೇ ಧಾರವಾಡದಲ್ಲಿ ನಮ್ಮ ಮಕ್ಕಳು ಉಳಿದು ಓದೋಕೆ ಹಾಸ್ಟೆಲ್ ಆಗಿದ್ದೂ ಬಾಬಾಸಾಹೇಬರ ಪ್ರಯತ್ನದಿಂದಲೇ, 1920ರ ದಶಕದ ಕೊನೆಯಲ್ಲಿ.

ಬಾಬಾಸಾಹೇಬರ ಸ್ವಂತ ಶಾಲೆ ಹೇಗಿತ್ತು ಅಂತ ನಿಮಗೆಲ್ಲ ಗೊತ್ತು. ಕೂರೋಕೆ ಮನೆಯಿಂದಲೇ ಗೋಣಿತಟ್ಟು ತರಬೇಕು, ಸಂಜೆ ವಾಪಸ್ ತಗೊಂಡು ಹೋಗಬೇಕು. ನಲ್ಲಿ ಮುಟ್ಟೋ ಹಾಗಿಲ್ಲ, ಜವಾನ ನಲ್ಲಿ ತಿರುಗಿಸಿದ್ರೆ ನೀರು, ಅವನಿಲ್ಲದಿದ್ರೆ ಬಾಯಾರಿಕೆ. ಅಂಥ ಮಗು ಮನೆಗೆ ತರೋ ಅಂಕಪಟ್ಟಿಯಲ್ಲಿ ಗಣಿತಕ್ಕೊಂದು ಕಾಲಂ, ಭಾಷೆಗೊಂದು ಕಾಲಂ ಇರುತ್ತೆ. ಗೋಣಿತಟ್ಟಿಗೆ ಕಾಲಂ ಇರಲ್ಲ, ನೀರಿಗೆ ಕಾಲಂ ಇರಲ್ಲ. ಮಗು ಯಾಕೆ ಹಿಂದೆ ಬಿತ್ತು ಅನ್ನೋದಕ್ಕೆ ಅರ್ಧ ಉತ್ತರ ಆ ಇಲ್ಲದ ಕಾಲಮ್ಮುಗಳಲ್ಲೇ ಇರುತ್ತೆ.

ಹಾಗಂತ ಪೋಷಕರನ್ನ ಮನುಷ್ಯರು ಅಂತ ಕಂಡ ಶಾಲೆಗಳೇ ಇರಲಿಲ್ವಾ? ಇದ್ವು. ಪುಣೆಯಲ್ಲಿ ಸಾವಿತ್ರಿಬಾಯಿ, ಜ್ಯೋತಿಬಾ ಫುಲೆ 1848ರಲ್ಲಿ ಶಾಲೆ ಶುರು ಮಾಡಿದಾಗ, ಮಕ್ಕಳು ಯಾಕೆ ಬರಲಿಲ್ಲ ಅಂತ ಕೂತಲ್ಲೇ ಬೈಯಲಿಲ್ಲ. ಪೋಷಕರನ್ನ ಸೇರಿಸಿ ಮಾತಾಡ್ತಿದ್ರು. ಅವರ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ್ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯ್ತು. ನೋಡಿ, ಧಾರವಾಡದ ಅರ್ಜಿಗೆ ಒಂದು ವರ್ಷ ಮೊದಲು! ಒಂದೇ ಪ್ರಾಂತ್ಯ. ಒಂದು ಊರಲ್ಲಿ ನಮ್ಮ ಹುಡುಗನಿಗೆ ಬಾಗಿಲು ಮುಚ್ಚಿತ್ತು, ಇನ್ನೊಂದು ಊರಲ್ಲಿ ನಮ್ಮ ಹುಡುಗಿ ಲೇಖಕಿ ಆಗಿದ್ದಳು. ಮುಕ್ತಾಳ ಪ್ರಬಂಧಕ್ಕಿಂತ ದೊಡ್ಡ ಪ್ರಗತಿ ಪತ್ರ ಯಾವುದಿದೆ?

ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ್ರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ರು. ಸ್ವಜಾತಿಯವರೇ ಅವರನ್ನ ದೂರ ಇಟ್ಟರು. ತನ್ನ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನೋದು ಅವರ ಆಸೆ ಆಗಿತ್ತು. ಮಗುವಿನ ಪ್ರಗತಿ ಅಂದ್ರೆ ಏನು ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಸ್ವಾತಂತ್ರ್ಯ ಬಂತು. ಸಂವಿಧಾನ ಬಂತು. 1961ರ ಜನಗಣತಿ ಪ್ರಕಾರ ದೇಶದ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು 100ಕ್ಕೆ ಸುಮಾರು 10 ಜನ. ಹೆಂಗಸರಲ್ಲಿ 100ಕ್ಕೆ 3. ಅಂದ್ರೆ ಮೊದಲ ಸಲ ಶಾಲೆಯೊಳಗೆ ಕಾಲಿಟ್ಟ ನಮ್ಮ ಮಕ್ಕಳ ಕೈಗೆ ಶಾಲೆ ಕೊಟ್ಟ ಕಾರ್ಡು, ಓದೋಕೆ ಬಾರದವರಿಗೆ ಬರೆದ ಕಾಗದ ಆಗಿತ್ತು. ತಪ್ಪು ಓದೋಕೆ ಬಾರದವರದ್ದಲ್ಲ. ಅವರನ್ನ ಓದೋಕೆ ಬಿಡದೇ ಇದ್ದವರು ಯಾರು ಅನ್ನೋದಕ್ಕೆ 1856ರ ಹಿಂಬರಹ ಸಾಕ್ಷಿ. ಅದೇ ಶಾಲೆ ನೂರಿಪ್ಪತ್ತು, ನೂರಮೂವತ್ತು ವರ್ಷ ಆದ್ಮೇಲೆ ನಮ್ಮಪ್ಪನ ಹೆಬ್ಬೆಟ್ಟು ನೋಡಿ ನಗ್ತು. ಬಾಗಿಲು ಹಾಕಿದವರೇ, ಯಾಕಯ್ಯಾ ಒಳಗೆ ಬರಲಿಲ್ಲ ಅಂತ ಗೇಲಿ ಮಾಡಿದ ಹಾಗೆ.

ಒಳ್ಳೇದನ್ನೂ ಹೇಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಕಲಿಕೆಯನ್ನ ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ರು. ಮೆಟ್ಟಿಲುಗಳಿಗೆ ಚಿತ್ರದ ಗುರುತು, ಗೋಡೆ ಮೇಲೆ ಪ್ರಗತಿನೋಟ. ಅಕ್ಷರ ಬಾರದ ತಾಯಿಯೂ ತನ್ನ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಬೆರಳಿಟ್ಟು ಕೇಳಬಹುದು. 2001ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂತು. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿ ಆಯ್ತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು, ದುರ್ಬಲ ವರ್ಗದವರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು.

ಇನ್ನೊಂದು ಸೆಕ್ಷನ್ ಇದೆ, ದಯವಿಟ್ಟು ನೆನಪಲ್ಲಿಟ್ಕೊಳ್ಳಿ: 24(1)(ಇ). ಶಿಕ್ಷಕರು ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಾತಿ, ಕಲಿಯೋ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಮತ್ತು ಮಗುವಿಗೆ ಸಂಬಂಧಪಟ್ಟ ಬೇರೆ ವಿಷಯಗಳನ್ನ ತಿಳಿಸಬೇಕು. ಇದು ಶಿಕ್ಷಕರ ಕರ್ತವ್ಯ ಅಂತ ಕಾಯ್ದೆ ಬರೆದಿದೆ. ಅಂದ್ರೆ ಮಗು ಹೇಗೆ ಓದ್ತಿದೆ ಅಂತ ತಿಳ್ಕೊಳ್ಳೋದು ನಮಗೆ ಯಾರೋ ಮಾಡೋ ಉಪಕಾರ ಅಲ್ಲ. ಅದು ನಮ್ಮ ಹಕ್ಕು.

ಈಗ ಆ ಶಿಕ್ಷಕರ ಮಾತಿಗೆ ವಾಪಸ್ ಬರ್ತೀನಿ. ಸಭೆ ಇದ್ದಿದ್ದು ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಲ್ಲಿ ನಮ್ಮ ಹೆಣ್ಮಕ್ಕಳು ಗಾರ್ಮೆಂಟ್ಸಲ್ಲೋ ಗದ್ದೆಯಲ್ಲೋ ಇರ್ತಾರೆ. ಸಭೆಗೆ ಬಂದ್ರೆ ಆ ದಿನದ ಕೂಲಿ ಹೋಯ್ತು. ಸಭೆ ಇದೆ ಅಂತ ತಿಳಿಸಿದ್ದು ವಾಟ್ಸಾಪ್‌ನಲ್ಲಿ. ಕೇರಿಯ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನು ಗಂಡಸಿನ ಜೇಬಲ್ಲಿ, ಅವನು ಬೇರೆ ಊರಿನ ಕೆಲಸದಲ್ಲಿ. ಇನ್ನು ಬಂದವರಿಗೆ ಸಿಕ್ಕಿದ್ದೇನು? ಎಲ್ಲರೆದುರು "ನಿಮ್ಮ ಹುಡುಗ ಗಣಿತದಲ್ಲಿ ದಡ್ಡ". ಸ್ಕಾಲರ್‌ಶಿಪ್ಪಿಗೆ ಜಾತಿ ಸರ್ಟಿಫಿಕೇಟ್ ಕೊಡದವರ ಹೆಸರನ್ನ ಜೋರಾಗಿ ಓದಿದ್ರು. ಒಮ್ಮೆ ಹೀಗೆ ಮರ್ಯಾದೆ ಹೋದ ತಾಯಿ ಇನ್ನೊಮ್ಮೆ ಬರ್ತಾಳಾ?

ಹೇಗೆ ಮಾಡಬಹುದು ಅನ್ನೋದನ್ನೂ ನಾನು ಕಂಡಿದ್ದೀನಿ. ಹೈಸ್ಕೂಲಲ್ಲಿ ನಮಗೊಬ್ಬರು ಮೇಡಂ ಇದ್ರು. ಒಂದು ಸಂಜೆ ಸೀದಾ ಕೇರಿಗೆ ಬಂದು ನಮ್ಮ ಜಗಲಿ ಮೇಲೆ ಕೂತ್ರು. ಅವ್ವ ಹೆದರಿ ನಿಂತಿದ್ಲು. ಮೇಡಂ ನೀರು ಕೇಳಿದ್ರು, ಕುಡಿದ್ರು. ಆಮೇಲೆ ನನ್ನ ಅಂಕಗಳನ್ನ ಒಂದೊಂದಾಗಿ ಅವ್ವನಿಗೆ ಓದಿ ಹೇಳಿದ್ರು. ಇಂಗ್ಲಿಷಲ್ಲಿ ಕಡಿಮೆ, ಆದ್ರೆ ಕನ್ನಡ ಬರೆಯೋದ್ರಲ್ಲಿ ಗಟ್ಟಿಗ ಅಂದ್ರು. ನಾನು ಬಿ.ಎ. ತನಕ ಓದಿದ್ದರ ಹಿಂದೆ ಆ ಒಂದು ಲೋಟ ನೀರಿದೆ.

ಶಿಕ್ಷಕ ಮಿತ್ರರಲ್ಲಿ ಕೇಳೋದು ಇಷ್ಟೇ. ಸಭೆಯನ್ನ ಸಂಜೆ ಇಡಿ, ಇಲ್ಲಾ ಭಾನುವಾರ ಇಡಿ. ಮೂರು ತಿಂಗಳಿಗೊಮ್ಮೆಯಾದ್ರೂ ಕೇರಿಯ ಅಂಬೇಡ್ಕರ್ ಭವನದಲ್ಲೇ ಮಾಡಿ. ಮಗುವಿನ ಬಗ್ಗೆ ಮೊದಲು ಒಂದು ಒಳ್ಳೆ ಮಾತು ಹೇಳಿ, ಆಮೇಲೆ ಕೊರತೆ ಹೇಳಿ, ಅದೂ ಪಕ್ಕಕ್ಕೆ ಕರೆದು. ಕಾರ್ಡನ್ನ ಓದಿ ಹೇಳಿ ಸಹಿ ತಗೊಳ್ಳಿ. ಹೆಬ್ಬೆಟ್ಟು ಬಂದ್ರೆ ಅದನ್ನೂ ಸಹಿ ಅಂತಲೇ ಕಾಣಿ.

ನಮ್ಮವರಿಗೂ ಒಂದು ಮಾತು. ಅಪಮಾನ ಆಯ್ತು ಅಂತ ಶಾಲೆ ಬಿಟ್ಟು ದೂರ ನಿಲ್ಲಬೇಡಿ. ಒಬ್ಬರೇ ಹೋಗೋಕೆ ಮುಜುಗರ ಆದ್ರೆ ನಾಲ್ಕು ಜನ ಸೇರಿ, ಓದು ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರ್ಕೊಂಡು ಹೋಗಿ. ನಾಲ್ಕೇ ಪ್ರಶ್ನೆ ಕೇಳಿ: ನನ್ನ ಮಗು ದಿನಾ ಬರ್ತಾ ಇದ್ಯಾ? ಏನು ಚೆನ್ನಾಗಿ ಬರುತ್ತೆ? ಎಲ್ಲಿ ಹಿಂದೆ ಇದೆ? ಎಲ್ಲಿ ಕೂರಿಸ್ತೀರಾ, ಯಾರ ಜೊತೆ ಊಟ ಮಾಡುತ್ತೆ? ಕೊನೇ ಪ್ರಶ್ನೆಗೆ ಕಾರ್ಡಿನಲ್ಲಿ ಕಾಲಂ ಇಲ್ಲ. ನಾವೇ ಕೇಳಬೇಕು.

ಮೊನ್ನೆ ಸೋಮವಾರ ಇದನ್ನೆಲ್ಲ ಒಂದು ಪುಟದ ಅರ್ಜಿ ಮಾಡಿ ಆ ಶಾಲೆಗೆ ಕೊಟ್ಟಿದ್ದೀವಿ. ಕೇರಿಯ ಹನ್ನೊಂದು ಪೋಷಕರು ಒಪ್ಪಿ ಹಾಕಿದ್ದಾರೆ. ನಾಲ್ಕು ಸಹಿ, ಏಳು ಹೆಬ್ಬೆಟ್ಟು. ಗುಮಾಸ್ತ ಅಲ್ವಾ ನಾನು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿ ಸ್ವೀಕೃತಿ ತಗೊಂಡಿದ್ದೀನಿ.

1856ರ ಅರ್ಜಿಗೆ ಬಂದ ಹಿಂಬರಹ ಏನು ಅಂತ ನಮಗೆ ಗೊತ್ತು. ಇದಕ್ಕೆ ಏನು ಬರುತ್ತೋ ನೋಡೋಣ. ಬಂದ ದಿನ ಇಲ್ಲೇ ಹಾಕ್ತೀನಿ.

ಜೈ ಭೀಮ್. ಜೈ ಸಾವಿತ್ರಿಬಾಯಿ.