ಹೊಸೂರು ರಸ್ತೆಯಿಂದ ಕರ್ನಾಲ್‌ಗೆ: ದನದ ಮೇವಿನ ವಿಜ್ಞಾನ ನಡೆದು ಬಂದ ದಾರಿ

ದೆಹಲಿಯಿಂದ ಚಂಡೀಗಢದ ಕಡೆ ಕಾರಿನಲ್ಲಿ ಹೊರಟವರು ಮುರ್ಥಲ್‌ನಲ್ಲಿ ಪರಾಠ ತಿಂದು, ಪಾಣಿಪತ್ ದಾಟಿದರೆ ಸಿಗುವ ಊರು ಕರ್ನಾಲ್. ಈಗ ಅದೂ ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿದೆ. ಅಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಆದರೆ ಆ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತು? ನಮ್ಮ ಹಾಗೆಯೇ ಅದೂ ಅಲ್ಲಿಂದ ಇಲ್ಲಿಗೆ ಬಂದು ಬೇರೂರಿದ್ದು.

ನಮ್ಮ ನಾಡಿಗೆ ದನಗಳ ವಿಚಾರ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡಿತು. ದನಗಳಿಗೆಂದೇ ಬಿಟ್ಟ ಕಾವಲುಗಳಲ್ಲಿ ಹಿಂಡುಗಳು ಕಾಲಕ್ಕೆ ತಕ್ಕಂತೆ ಮೇಯುತ್ತಿದ್ದವು. ಅದು ಅನುಭವದ ವಿದ್ಯೆ. ಅಳೆದು ತೂಗಿ ನೋಡುವ ವಿದ್ಯೆ ಬಂದದ್ದು ಆಮೇಲೆ.

ಬ್ರಿಟಿಷರ ಸೈನ್ಯಕ್ಕೆ ಹಾಲು, ಬೆಣ್ಣೆ ಬೇಕಿತ್ತು. ಅದಕ್ಕಾಗಿ ಮಿಲಿಟರಿ ಡೈರಿಗಳಿದ್ದವು. 1923ರ ಜುಲೈ 1ರಂದು ಬೆಂಗಳೂರು, ನೀಲಗಿರಿಯ ವೆಲಿಂಗ್ಟನ್ ಮತ್ತು ಕರ್ನಾಲ್‌ನ ಮೂರು ಮಿಲಿಟರಿ ಡೈರಿಗಳನ್ನು ವಹಿಸಿಕೊಂಡು, ಬೆಂಗಳೂರಿನಲ್ಲಿ ಇಂಪೀರಿಯಲ್ ಇನ್‌ಸ್ಟಿಟ್ಯೂಟ್ ಆಫ್ ಅನಿಮಲ್ ಹಸ್ಬೆಂಡ್ರಿ ಅಂಡ್ ಡೈರಿಯಿಂಗ್ ಶುರುವಾಯಿತು. ವಿಲಿಯಂ ಸ್ಮಿತ್ ಅದರ ಹೊಣೆ ಹೊತ್ತಿದ್ದರು. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿಯವರು, ಮದನಮೋಹನ ಮಾಳವೀಯರ ಜೊತೆ ಇಲ್ಲಿಗೆ ಬಂದು ಹಸು ಸಾಕಣೆಯ ಪಾಠ ಕೇಳಿದರು. ಮುಂದೆ ಹಾಲಿನ ಕ್ರಾಂತಿ ಮಾಡಿದ ವರ್ಗೀಸ್ ಕುರಿಯನ್ ಅವರೂ ಅಮೆರಿಕಕ್ಕೆ ಓದಲು ಹೋಗುವ ಮುನ್ನ ತರಬೇತಿಗೆ ಬಂದದ್ದು ಈ ಬೆಂಗಳೂರಿನ ಸಂಸ್ಥೆಗೇ.

ಅದೇ ಕಾಲದಲ್ಲಿ ಎಫ್. ಜೆ. ವಾರ್ತ್ ಎಂಬ ರಸಾಯನ ವಿಜ್ಞಾನಿ ಬೆಂಗಳೂರಿನಲ್ಲಿ ದನದ ಮೇವಿನ ಪರೀಕ್ಷೆ ನಡೆಸುತ್ತಿದ್ದರು. ಸಿಂಧಿ ಕರುಗಳಿಗೆ ಜೋಳದ ರಸಮೇವು ಕೊಟ್ಟು ನೋಡಿದ್ದು ಅವರ ಕೆಲಸಗಳಲ್ಲೊಂದು. ಇಂಥ ಪರೀಕ್ಷೆಯ ಲೆಕ್ಕ ಸರಳ. ದನ ತಿಂದದ್ದನ್ನು ತೂಗಬೇಕು, ಹಾಕಿದ ಸಗಣಿಯನ್ನೂ ತೂಗಬೇಕು. ಎರಡರಲ್ಲೂ ಏನೇನು ಇದೆ ಎಂದು ಪರೀಕ್ಷಿಸಿ ಕಳೆದರೆ, ಮೈಗೆ ಹತ್ತಿದ್ದೆಷ್ಟು ಎಂದು ತಿಳಿಯುತ್ತದೆ. ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಸಿಕ್ಕಿದ್ದು ಇಂಥ ಲೆಕ್ಕದಿಂದಲೇ. ರಾಗಿಹುಲ್ಲು ಹೆಚ್ಚು ಜೀರ್ಣವಾಗುತ್ತದೆ, ಅದರಲ್ಲಿ ಸುಣ್ಣದ ಅಂಶವೂ ಜಾಸ್ತಿ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ, ಹೆಚ್ಚು.

1955ರಲ್ಲಿ ಸಂಸ್ಥೆಯ ಕೇಂದ್ರ ಕರ್ನಾಲ್‌ಗೆ ಬಂತು, ಇಂದಿನ ಹೆಸರು ಪಡೆಯಿತು. ಬೆಂಗಳೂರಿನ ಆಡುಗೋಡಿಯದು ದಕ್ಷಿಣದ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು. ಕರ್ನಾಲ್‌ನಲ್ಲಿ ಕರಣ್ ಸ್ವಿಸ್, ಕರಣ್ ಫ್ರೀಸ್ ಎಂಬ ಮಿಶ್ರತಳಿಗಳು ಬಂದವು. 2009ರಲ್ಲಿ ತದ್ರೂಪಿ ಎಮ್ಮೆಗರು ಹುಟ್ಟಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನನಗೆ ಮಾತ್ರ ತದ್ರೂಪಿಗಿಂತ ಗೋದಲಿಯ ವಿಷಯವೇ ದೊಡ್ಡದು ಅನ್ನಿಸುತ್ತದೆ. ಏಕೆಂದರೆ ಗೋದಲಿ ತುಂಬುವವರು ಹೆಂಗಸರು.

ನನ್ನ ತವರು ಮಂಡ್ಯ ಕಡೆಯ ಹಳ್ಳಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಸೇರಿಸಿ ಕಲಗಚ್ಚು ಕೂಡಿಡುತ್ತಿದ್ದವರು, ಹಿಂಡಿ ನೆನೆಸುತ್ತಿದ್ದವರು ನಮ್ಮಜ್ಜಿ. ಯಾವ ಹಸು ಮೇವು ಬಿಟ್ಟಿತು, ಯಾವುದು ಮೆಲುಕು ಹಾಕುತ್ತಿಲ್ಲ ಎಂದು ಮೊದಲು ತಿಳಿಯುತ್ತಿದ್ದುದೂ ಅವರಿಗೇ. ಹರಿಯಾಣದ ಹಳ್ಳಿಗಳಲ್ಲೂ ಇದೇ ದೃಶ್ಯ, ಮುಖದ ಮೇಲೆ ಸೆರಗು ಎಳೆದುಕೊಂಡ ಸೊಸೆಯಂದಿರು ಎಮ್ಮೆಗೆ ಮೇವು ಕಲಸುತ್ತಾರೆ. ಮಾತು ಮಾತ್ರ ಬೇರೆ. ನಮ್ಮಲ್ಲಿ ಬೂಸಾ ಎಂದರೆ ಗೋಧಿಯ ತೌಡು, ಇಲ್ಲಿ ಭೂಸಾ ಎಂದರೆ ಕತ್ತರಿಸಿದ ಗೋಧಿ ಹುಲ್ಲು.

ವಿಜ್ಞಾನ ಈ ಕೈಗಳನ್ನು ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಣ್ಣು ಒಳ್ಳೆಯ ಉದಾಹರಣೆ. ಹಸು ಕರು ಹಾಕಿದರೆ ನಮ್ಮಲ್ಲಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುತ್ತೇವೆ. ಆದರೆ ಮನುಷ್ಯರ ಮಗುವಿನಂತೆ ಕರು ತಾಯಿಯ ಗರ್ಭದಲ್ಲೇ ರೋಗನಿರೋಧಕ ಶಕ್ತಿ ಪಡೆದು ಬರುವುದಿಲ್ಲ. ಅದು ಸಿಗುವುದು ಗಿಣ್ಣುಹಾಲಿನಿಂದಲೇ. ಕರುವಿನ ಕರುಳು ಅದನ್ನು ಹೀರಿಕೊಳ್ಳುವುದೂ ಸುಮಾರು ಮೊದಲ 24 ಗಂಟೆ ಮಾತ್ರ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಹೊಟ್ಟೆ ತುಂಬ ಕುಡಿಸಬೇಕು. ನೆರೆಯವರ ಪಾಲು ಆಮೇಲೆ.

ಇನ್ನೊಂದು ಉದಾಹರಣೆ ನಮ್ಮ ಉಸಿರಿನದೇ. ಮಂಡ್ಯದಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸಲು ಒಂದಿಷ್ಟು ಹುಲ್ಲು ಸುಡುತ್ತೇವೆ, ಉಳಿದದ್ದು ಬಣವೆ. ಪಂಜಾಬ್, ಹರಿಯಾಣದಲ್ಲಿ ಭತ್ತದ ಹುಲ್ಲನ್ನು ದನಗಳಿಗೆ ಹಾಕುವ ರೂಢಿ ಕಡಿಮೆ, ಗೋಧಿ ಬಿತ್ತುವ ಅವಸರವೂ ಇದೆ. ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಗದ್ದೆಗೇ ಬೆಂಕಿ ಬೀಳುತ್ತದೆ, ದೆಹಲಿಯ ಗಾಳಿ ಕೆಡಲು ಆ ಹೊಗೆಯೂ ಒಂದು ಕಾರಣ. ಆ ಹುಲ್ಲನ್ನು ಮೇವು ಮಾಡುವ ದಾರಿಯನ್ನು ವಿಜ್ಞಾನಿಗಳು ಎಂದೋ ತೋರಿಸಿದ್ದಾರೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಹುಲ್ಲು ಮೆತ್ತಗಾಗಿ ಹೆಚ್ಚು ಜೀರ್ಣವಾಗುತ್ತದೆ. ಆದರೆ ಅಳತೆ ತಪ್ಪಿದರೆ ಯೂರಿಯಾ ವಿಷ, ಎಳೆಗರುಗಳಿಗಂತೂ ಕೂಡದು. ಅಂದಮೇಲೆ ಈ ತರಬೇತಿ ಮೇವು ಕಲಸುವವಳಿಗೇ ಸಿಗಬೇಕಲ್ಲವೇ? ಎಷ್ಟೋ ಕಡೆ ಸಭೆಗೆ ಹೋಗುವವನು ಗಂಡ, ಕೊಟ್ಟಿಗೆಗೆ ಹೋಗುವವಳು ಹೆಂಡತಿ.

ಈ ದೃಷ್ಟಿಯಿಂದ ನಮ್ಮ ಕರ್ನಾಟಕದ ಕೆಲಸ ನೆನೆಯಬೇಕು. 1980ರ ದಶಕದ ಕೊನೆಯಿಂದ ಕೇಂದ್ರದ ಸ್ಟೆಪ್ ಯೋಜನೆಯ ನೆರವಿನಲ್ಲಿ ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿಹಳ್ಳಿಗಳಲ್ಲಿ ಎದ್ದವು. ಸದಸ್ಯತ್ವವೂ ತರಬೇತಿಯೂ ಹಾಲಿನ ದುಡ್ಡೂ ಅವರ ಹೆಸರಿಗೇ. ಇನ್ನು ಮೇವಿನ ವಿಜ್ಞಾನಕ್ಕೆಂದೇ 1995ರಲ್ಲಿ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆರಂಭವಾಯಿತು. ಯಾವ ಪ್ರದೇಶದ ಮಣ್ಣು, ಮೇವಿನಲ್ಲಿ ಯಾವ ಖನಿಜದ ಕೊರತೆ ಎಂದು ಗುರುತಿಸಿ, ಅಲ್ಲಿಗೆ ತಕ್ಕ ಖನಿಜ ಮಿಶ್ರಣವನ್ನು ಅದು ರೂಪಿಸುತ್ತದೆ.

2024ರ ನವೆಂಬರ್‌ನಲ್ಲಿ ನಂದಿನಿ ಹಾಲು ದೆಹಲಿಗೂ ಬಂತು, ಅದೂ ನಮ್ಮ ಮಂಡ್ಯದಿಂದ. ಪ್ಯಾಕೆಟ್ ಕತ್ತರಿಸಿ ಕಾಫಿಗೆ ಹಾಲು ಕಾಯಿಸುವಾಗ, ಅದರ ಹಿಂದೆ ಹುಲ್ಲು ಹೊತ್ತ ಒಬ್ಬಳು ಹೆಂಗಸು, ಹುಲ್ಲು ತೂಗಿದ ಒಬ್ಬ ವಿಜ್ಞಾನಿ ಇಬ್ಬರೂ ಇದ್ದಾರೆ ಎಂದು ನೆನೆದರೆ ಸಾಕು. ಈ ಚಳಿಗಾಲದಲ್ಲಿ ಮಹಿಳಾ ವೇದಿಕೆಯಿಂದ ಒಂದು ದಿನದ ಪ್ರವಾಸ ಹಾಕಿಕೊಳ್ಳುವುದಾದರೆ, ಕರ್ನಾಲ್ ನನ್ನ ಸಲಹೆ.