ಕೊಪ್ಪಳ ಸೀಮೆಯ ಹಳಿಗಳ ಮೇಲೆ ಡೀಸೆಲ್ ಮತ್ತು ವಿದ್ಯುತ್ ಎಂಜಿನ್‌ಗಳು

ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳನ್ನು ಪೋಣಿಸುವ ರೈಲುಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿತು. ಡೀಸೆಲ್ ಎಂಜಿನ್ ಇಲ್ಲಿ ಬಲವಾಗಿ ಬೇರೂರಿದ್ದಕ್ಕೂ ವಿದ್ಯುತ್ ಎಂಜಿನ್ ತಡವಾಗಿ ಬಂದದ್ದಕ್ಕೂ ಮುಖ್ಯ ಕಾರಣ ಸರಕು ಸಾಗಣೆ. ವಿದ್ಯುತ್ ಎಂಜಿನ್ನಿಗೆ ಮೀಟರ್ ಗೇಜೇ ಅಡ್ಡಿಯಾಗಿತ್ತು ಎಂಬ ವಾದವುಂಟು. ಅದು ಅರ್ಧ ಮಾತ್ರ ನಿಜ. ಮದರಾಸಿನ ಬೀಚ್–ತಾಂಬರಂ ನಡುವೆ 1931ರಲ್ಲೇ ಮೀಟರ್ ಗೇಜಿನ ಮೇಲೆ ವಿದ್ಯುತ್ ರೈಲು ಓಡಿತ್ತು. ತಂತಿ ಎಳೆಯುವ ಖರ್ಚನ್ನು ಅಲ್ಲಿ ನಗರದ ಜನದಟ್ಟಣೆ ಸಮರ್ಥಿಸಿತು. ಕೊಪ್ಪಳದ ಬಯಲಿನಲ್ಲಿ ಅಂಥ ದಟ್ಟಣೆ ಇರಲಿಲ್ಲ. ಆದರೆ 1960ರ ದಶಕದಲ್ಲಿ ಬಂದ ಮೀಟರ್ ಗೇಜ್ ಡೀಸೆಲ್ ವೈಡಿಎಂ-4ರ ಬಲ ಸುಮಾರು 1,400 ಅಶ್ವಶಕ್ತಿ. ಅದೇ ಕಾಲದ ಬ್ರಾಡ್ ಗೇಜ್ ಡಬ್ಲ್ಯುಡಿಎಂ-2ರದು 2,600. ಭಾರದ ಮಾತು ಬಂದಾಗ ಗೇಜ್ ನಿಜಕ್ಕೂ ಅಡ್ಡಿಯೇ. 1990ರ ದಶಕದ ಮಧ್ಯದಲ್ಲಿ ಮಾರ್ಗ ಬ್ರಾಡ್ ಗೇಜಾದ ಮೇಲೆಯೇ ಭಾರಿ ಗೂಡ್ಸ್‌ಗಳಿಗೆ ದಾರಿ ತೆರೆಯಿತು.

ಹೊಸಪೇಟೆ ಸೀಮೆಯ ಅದಿರು ಮರ್ಮಗೋವಾ ಬಂದರಿನತ್ತ ಇಳಿಯುತ್ತಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಅಲ್ಲಿಂದ ಮೇಲೇರಬೇಕಿತ್ತು. ಆ ದಾರಿಯ ಕುಳೆಂ–ಕ್ಯಾಸಲ್‌ರಾಕ್ ಘಾಟಿಯಲ್ಲಿ 37 ಮೀಟರಿಗೆ ಒಂದು ಮೀಟರ್ ಏರು. ಮಳೆಗಾಲದಲ್ಲಿ ಒದ್ದೆ ಹಳಿ ಬೇರೆ. ಬರಿಯ ಅಶ್ವಶಕ್ತಿ ಅಲ್ಲಿ ಸಾಲದು, ಚಕ್ರ ಜಾರದಂತೆ ಹಳಿಯನ್ನು ಕಚ್ಚಿ ಹಿಡಿಯಬೇಕು. 1999ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಿಂದ ತರಿಸಿದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್‌ಗಳಿಗೆ ಹುಬ್ಬಳ್ಳಿ ಶೆಡ್ ನೆಲೆಯಾಯಿತು. ಮೂರು ಫೇಸಿನ ಎಸಿ ಮೋಟರು, ಚಕ್ರದ ಜಾರುವಿಕೆಯನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದುವ ಕಂಪ್ಯೂಟರ್ ನಿಯಂತ್ರಣ ಇವುಗಳ ಹೆಚ್ಚುಗಾರಿಕೆ. ಈ ಡೀಸೆಲ್ ಅಷ್ಟು ಸಮರ್ಥವಾಗಿದ್ದುದರಿಂದಲೇ ತಂತಿಯ ತುರ್ತು ಕಡಿಮೆಯಾಯಿತು ಎನ್ನಬೇಕು. 2020ರ ಆಸುಪಾಸಿನಲ್ಲಿ ಈ ಭಾಗ ವಿದ್ಯುದೀಕರಣಗೊಂಡಾಗ 25 ಕಿಲೋವೋಲ್ಟಿನ ತಂತಿಯಡಿ 6,000ಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್‌ಗಳು ಓಡುವಂತಾಯಿತು. ಇದು ದೇಶದ ಎಲ್ಲ ಬ್ರಾಡ್ ಗೇಜ್ ಹಳಿಗಳಿಗೂ ತಂತಿ ಹಾಕುವ ಕೇಂದ್ರದ ತೀರ್ಮಾನದ ಫಲ, ಸ್ಥಳೀಯ ಸರಕಿನದಲ್ಲ ಎಂದು ಆಕ್ಷೇಪಿಸಬಹುದು. ತೀರ್ಮಾನ ದೆಹಲಿಯದು ನಿಜ. ಆದರೆ ಗಿಣಿಗೇರಿ, ತೋರಣಗಲ್ಲುಗಳ ಕಾರ್ಖಾನೆಗಳ ಭಾರವೇ ಇಲ್ಲಿ ಆ ಖರ್ಚಿಗೆ ಅರ್ಥ ಕೊಟ್ಟಿತು.

ಅಂಥ ಭಾರಿ ಸರಕಿಲ್ಲದ ಊರುಗಳ ಕಥೆಯೇ ಇದಕ್ಕೆ ಸಾಕ್ಷಿ. ಭತ್ತದ ನಾಡು ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಯಲಬುರ್ಗಾ ತಾಲ್ಲೂಕನ್ನು ಹಾದುಹೋಗುವ ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿ ತನ್ನ ಮೊದಲ ರೈಲನ್ನು ಕಂಡದ್ದು 2025ರ ಮೇ 15ರಂದು. ಹಬೆ ಎಂಜಿನ್ನಿನ ಯುಗ ಪೂರ್ತಿ ಕುಷ್ಟಗಿಯನ್ನು ಮುಟ್ಟದೆಯೇ ಮುಗಿದುಹೋಯಿತು.